ಹೊಳೆದಂಡೆಯವರಿಗೂ ಒಂದು ಕುರ್ಚಿ ಬೇಕೇ?

ಅಣೆಕಟ್ಟಿನ ನೀರು ಯಾವಾಗ, ಎಷ್ಟು ಬಿಡಬೇಕೆಂದು ತೀರ್ಮಾನಿಸುವ ಕಡೆ ಹೊಳೆದಂಡೆಯ ಊರಿನವರಿಗೂ ಜಾಗ ಕೊಡಬೇಕೇ? ಇಬ್ಬರ ಮಾತು ಇಲ್ಲಿದೆ.

ಪರ: ಕ್ಯುಸೆಕ್ ಎಂದರೆ ಎಷ್ಟನೆಯ ಮೆಟ್ಟಿಲು?

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಏರುತ್ತಿದ್ದಾಗ ನನ್ನ ಮೊಬೈಲ್‌ಗೆ ಸಂದೇಶ ಬಂತು: ನವಿಲುತೀರ್ಥ ಅಣೆಕಟ್ಟಿನಿಂದ ಇಷ್ಟು ಸಾವಿರ ಕ್ಯುಸೆಕ್ ನೀರು ಹೊಳೆಗೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಓದಿ ಹೇಳಿದೆ. ಅವ್ವ ಕೇಳಿದಳು: "ಹನುಮಪ್ಪನ ಗುಡಿಯ ಎಷ್ಟನೆಯ ಮೆಟ್ಟಿಲಿಗೆ ಬರುತ್ತದೆ, ಅದನ್ನು ಹೇಳು." ನನಗೆ ಗೊತ್ತಿರಲಿಲ್ಲ. ಸಂದೇಶ ಬರೆದವರಿಗೂ ಗೊತ್ತಿದ್ದಿರಲಾರದು. ಎಮ್ಮೆಯ ಹಗ್ಗ ಬಿಚ್ಚುವುದೋ ಬೇಡವೋ ಎನ್ನುವಷ್ಟರಲ್ಲಿ ನೀರು ಹಿತ್ತಲಿನಲ್ಲಿತ್ತು. ಮೆಟ್ಟಿಲಿನ ಲೆಕ್ಕ ನಮ್ಮ ಹಿರಿಯರಿಗೆ ಬಾಯಿಪಾಠ. ಅದನ್ನು ಕೇಳಿ ಬರೆದುಕೊಳ್ಳಲು ಯಾರೂ ಬಂದವರಲ್ಲ.

ಕಾಲುವೆಗೆ ಯಾವಾಗ ನೀರು ಹರಿಸಬೇಕು ಎಂಬುದಕ್ಕೆ ನೀರಾವರಿ ಸಲಹಾ ಸಮಿತಿ ಇದೆ. ಕಾಲುವೆಯ ರೈತರಿಗೆ ಜಲಾಶಯ ತುಂಬಿರಬೇಕು. ಕುಡಿಯಲು ಅದೇ ನೀರನ್ನು ನೆಚ್ಚಿದ ಹುಬ್ಬಳ್ಳಿ-ಧಾರವಾಡಕ್ಕೂ ತುಂಬಿರಬೇಕು. ಮಳೆಗಾಲದಲ್ಲಿ ನೆರೆಯನ್ನು ಹಿಡಿದಿಡಲು ಅದರೊಳಗೆ ಒಂದಿಷ್ಟು ಜಾಗ ಖಾಲಿ ಇರಲಿ ಎನ್ನುವವನು ಅಣೆಕಟ್ಟಿನ ಕೆಳಗಿರುವ ರಾಮದುರ್ಗ, ಕೊಣ್ಣೂರಿನ ದಂಡೆಯವನೊಬ್ಬನೇ. ಅವನ ಕುರ್ಚಿ ಎಲ್ಲಿದೆ?

ಕೇಳದೆ ಮಾಡಿದರೆ ಏನಾಗುತ್ತದೆ ಎಂಬುದನ್ನು 2009ರ ನೆರೆಯ ನಂತರ ಸಂತ್ರಸ್ತರಿಗೆಂದು ಬೇರೆ ಕಡೆ ಕಟ್ಟಿದ ‘ಆಸರೆ’ ಯೋಜನೆಯ ಮನೆಗಳನ್ನು ನೋಡಿ ತಿಳಿಯಬಹುದು. ಎತ್ತು ಕಟ್ಟಲು ಜಾಗವಿಲ್ಲ, ಹೊಲ ದೂರ. ಎಷ್ಟೋ ಮಂದಿ ಹಳೆಯ ಊರಿಗೇ ಮರಳಿದರು. ಕಟ್ಟುವ ಮೊದಲು ಒಂದು ಸಭೆ ಕರೆದಿದ್ದರೆ ಕೊಟ್ಟಿಗೆ ಎಲ್ಲಿ ಎಂದು ಹೆಂಗಸರೇ ಮೊದಲು ಕೇಳುತ್ತಿದ್ದರು.

ಹೊಳೆಯ ಪಾತ್ರವನ್ನು ದಂಡೆಯವರೇ ಒತ್ತುವರಿ ಮಾಡಿದ್ದಾರೆಂಬ ಮಾತು ಎತ್ತುತ್ತಾರೆ, ಎತ್ತಲಿ. 2019ರಲ್ಲಿ ಪಟ್ಟದಕಲ್ಲಿಗೂ ನೀರು ನುಗ್ಗಿತು. ಚಾಲುಕ್ಯರ ಗುಡಿಗಳೂ ಒತ್ತುವರಿ ಮಾಡಿದ್ದವೇನು?

ವಿರೋಧ: ಗೇಟು ಎತ್ತಲು ಗ್ರಾಮಸಭೆಯೇ?

ಈ ಕಡೆ ಬರೆಯಲು ಬೇರೆ ಯಾರೂ ಒಪ್ಪಲಿಲ್ಲವಂತೆ. ನೀರಾವರಿ ಕೆಲಸದಲ್ಲೇ ತಲೆ ನರೆತವನೆಂದು ನನಗೆ ಒಪ್ಪಿಸಿದರು. ಜನರನ್ನು ಕೇಳಲೇಬಾರದು ಎಂದು ನಾನೂ ಹೇಳುವುದಿಲ್ಲ.

ಆದರೆ ಮಲಪ್ರಭೆ ಹುಟ್ಟುವ ಖಾನಾಪುರದ ಕಾಡಿನಲ್ಲಿ ಸುರಿಯುವ ಮಳೆ ಸಭೆಯ ನೋಟಿಸಿಗೆ ಕಾಯುವುದಿಲ್ಲ. ನಡುರಾತ್ರಿ ಒಳಹರಿವು ಏರುತ್ತಿರುವಾಗ ಎಂಜಿನಿಯರ್ ಕೈ ಎತ್ತಿಸಿ ಮತ ಎಣಿಸುತ್ತ ಕೂರಬೇಕೇ? ಬೆಣ್ಣೆಹಳ್ಳಕ್ಕಂತೂ ಅಣೆಕಟ್ಟೇ ಇಲ್ಲ. ಅದು ಉಕ್ಕಿ ಮಲಪ್ರಭೆಗೆ ಬಂದು ಬಿದ್ದಾಗ ಯಾವ ಸಮಿತಿ ಏನು ಮಾಡೀತು? ಆಸರೆ ಮನೆಗಳ ವಿಚಾರ ನನ್ನ ಇಲಾಖೆಯದಲ್ಲ, ಬಿಡಿ.

ನೀರು ಹರಿಯದ ವರ್ಷಗಳಲ್ಲಿ ಹೊಳೆಯ ಪಾತ್ರದೊಳಗೇ ಕಬ್ಬು ಹಚ್ಚಿದವರು ಯಾರು? ನಾಳೆ ಸಮಿತಿಯ ಮುಂದಿನ ಸಾಲಿನಲ್ಲಿ ಕೂರುವವರೂ ಅವರೇ. ಒಮ್ಮೆ ಒಂದು ಊರಿಗೆ ನದಿಪಾತ್ರದ ಅಳತೆಗೆ ಹೋಗಿದ್ದೆ. ಆದರದಿಂದ ಕೂರಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದರು, ಅಳತೆಯ ಸರಪಳಿಯನ್ನೂ ತಾವೇ ಹಿಡಿದರು. ಮರುದಿನ ಹೋಗಿ ನೋಡಿದರೆ ನಾವು ನೆಟ್ಟ ಗಡಿಕಲ್ಲುಗಳಲ್ಲಿ ಒಂದೂ ಇರಲಿಲ್ಲ.