ಫ್ರೆಂಚ್ ವೈನ್ ಎಲ್ಲಾ 'ಕಾಲಲ್ಲಿ ತುಳಿದಿದ್ದು' ಅಲ್ಲ

'ಫ್ರಾನ್ಸಿನಲ್ಲಿ ವೈನ್‌ಗೆ ಯಂತ್ರ ಬಳಸುವಂತಿಲ್ಲ, ಇಂದಿಗೂ ದ್ರಾಕ್ಷಿಯನ್ನು ಕಾಲಲ್ಲೇ ತುಳಿಯುತ್ತಾರೆ, ಮರದ ಪೀಪಾಯಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ' ಎಂಬ ಸಂದೇಶವೊಂದು ಓಡಾಡುತ್ತಿದೆ. ಓದಲು ಚೆನ್ನಾಗಿದೆ, ಆದರೆ ನಿಜವಲ್ಲ.

ಅಲ್ಲಿನ ಎಷ್ಟೋ ತೋಟಗಳಲ್ಲಿ ಈಗ ಕೊಯ್ಲು ಮಾಡುವುದು ಯಂತ್ರವೇ. ಆದರೆ ಶಾಂಪೇನ್‌ನಂಥ ಪ್ರದೇಶದಲ್ಲಿ ನಿಯಮ ಬೇರೆ. ಅಲ್ಲಿ ಕೈಯಿಂದಲೇ ಕೊಯ್ಯಬೇಕು, ಗೊಂಚಲು ಇಡಿಯಾಗಿ ಹಿಂಡುವ ಯಂತ್ರಕ್ಕೆ ಹೋಗಬೇಕು. ಬಹುಶಃ ಇದನ್ನೇ ಯಾರೋ ಇಡೀ ದೇಶಕ್ಕೆ ಹಚ್ಚಿಬಿಟ್ಟಿದ್ದಾರೆ.

ಪೀಪಾಯಿ ವಿಷಯ ಇನ್ನೂ ಮಜವಾಗಿದೆ. ಬೋರ್ಡೋ ಪ್ರದೇಶದ ವೈನ್ ತಯಾರಕರಾದ ಶಾತೋ ಓಬ್ರಿಯೋನ್ ಎಂದರೆ ನೂರಾರು ವರ್ಷಗಳ ಹಳೇ ಹೆಸರು. ಅವರೇ 1961ರಲ್ಲಿ ಸ್ಟೀಲ್ ಟ್ಯಾಂಕ್ ತಂದರು. ಯಾಕೆ ಗೊತ್ತಾ? ರಸ ಹುಳಿಯುವಾಗ ಬಿಸಿ ಏರುತ್ತದೆ. ಜಾಸ್ತಿಯಾದರೆ ಯೀಸ್ಟ್ ಸಾಯುತ್ತದೆ, ಹುಳಿಯುವುದು ಅರ್ಧಕ್ಕೇ ನಿಲ್ಲುತ್ತದೆ. ಸ್ಟೀಲ್ ಟ್ಯಾಂಕನ್ನು ತಂಪಾಗಿಡುವುದು ಸುಲಭ. ಹಾಗಂತ ಪೀಪಾಯಿ ಬಿಡಲಿಲ್ಲ. ಹುಳಿಯುವುದು ಟ್ಯಾಂಕಿನಲ್ಲಿ, ಆಮೇಲೆ ಮಾಗುವುದು ಓಕ್ ಪೀಪಾಯಿಯಲ್ಲಿ. 2006ರಲ್ಲಿ ಯುರೋಪಿಯನ್ ಒಕ್ಕೂಟ ವೈನ್‌ಗೆ ಓಕ್ ಮರದ ಚೂರು ಹಾಕುವುದಕ್ಕೂ ಒಪ್ಪಿಗೆ ಕೊಟ್ಟಿತು. ಪೀಪಾಯಿಯ ಪರಿಮಳ, ಕಡಿಮೆ ಖರ್ಚಿನಲ್ಲಿ!

ಅದೇ ಸಂದೇಶದಲ್ಲಿ 'ಸಕ್ಕರೆ ಬೆರೆಸುವುದು ಈಗಿನವರ ಕಲಬೆರಕೆ' ಎಂದೂ ಇದೆ. ಇದು ತಲೆಕೆಳಗು. 1801ರಲ್ಲೇ ರಸಾಯನಶಾಸ್ತ್ರಜ್ಞ ಶಾಪ್ತಾಲ್ ಈ ಪದ್ಧತಿಯನ್ನು ಪ್ರಚಾರ ಮಾಡಿದ್ದ, ಅವನ ಹೆಸರೇ ಅದಕ್ಕೆ ಅಂಟಿಕೊಂಡಿತು. ಬಿಸಿಲು ಸಾಲದ ವರ್ಷ ದ್ರಾಕ್ಷಿಯಲ್ಲಿ ಸಿಹಿ ಕಡಿಮೆ. ಹುಳಿಯುವ ರಸಕ್ಕೆ ಸಕ್ಕರೆ ಸೇರಿಸಿದರೆ ಆಲ್ಕೋಹಾಲ್ ಏರುತ್ತದೆ, ವೈನ್ ಸಿಹಿಯಾಗುವುದಿಲ್ಲ. ಎಲ್ಲಿ, ಎಷ್ಟು ಹಾಕಬಹುದು ಎಂಬುದಕ್ಕೆ ಮಿತಿಯೂ ಇದೆ.

ಇನ್ನು ಆ ಸಂದೇಶದ ಕುದುರೆ ಉಳುಮೆ ಚಿತ್ರ? ಅದು ಸುಳ್ಳಿರಲಿಕ್ಕಿಲ್ಲ. ಟ್ರ್ಯಾಕ್ಟರ್ ಭಾರಕ್ಕೆ ಮಣ್ಣು ಗಟ್ಟಿಯಾಗುತ್ತದೆಂದು ಕೆಲವು ದುಬಾರಿ ತೋಟಗಳು ಕುದುರೆಯನ್ನು ಮತ್ತೆ ತಂದಿವೆ.