ಬಾಗಿಲು ತಟ್ಟುವವನ ಹಕ್ಕು: ಹೆವಿವೇಟ್ ಬಾಕ್ಸಿಂಗ್‌ಗೆ ‘ಕಡ್ಡಾಯ ಸವಾಲುಗಾರ’ ಬೇಕೆ?

ಹೆವಿವೇಟ್ ಪಟ್ಟ ಒಂದಲ್ಲ, ನಾಲ್ಕು. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಎಂಬ ನಾಲ್ಕು ಸಂಸ್ಥೆಗಳು ತಮ್ಮ ತಮ್ಮ ಬೆಲ್ಟ್ ಕೊಡುತ್ತವೆ, ತಮ್ಮ ತಮ್ಮ ರ‍್ಯಾಂಕಿಂಗ್ ಪಟ್ಟಿ ಹಾಕುತ್ತವೆ. ಚಾಂಪಿಯನ್ ಆದವನು ಮಿಕ್ಕ ಪಂದ್ಯಗಳಿಗೆ ತನಗೆ ಬೇಕಾದವರನ್ನು ಆರಿಸಿಕೊಳ್ಳಬಹುದು. ಆದರೆ ಗೊತ್ತುಪಡಿಸಿದ ಅವಧಿಗೊಮ್ಮೆ ಸಂಸ್ಥೆ ಬೆರಳು ತೋರಿಸಿದವನನ್ನು ಎದುರಿಸಲೇಬೇಕು. ಅವನೇ ‘ಮ್ಯಾಂಡೇಟರಿ’, ಕಡ್ಡಾಯ ಸವಾಲುಗಾರ. ತಪ್ಪಿಸಿಕೊಂಡರೆ ಬೆಲ್ಟ್ ಕೈತಪ್ಪುತ್ತದೆ. ಈ ಕಟ್ಟಳೆ ಇರಬೇಕೆ, ಹೋಗಬೇಕೆ?

ಪರ: ಇದು ಇಲ್ಲದಿದ್ದಾಗ ಏನಾಗಿತ್ತು?

ಯಾರ ಜೊತೆ ಸೆಣಸಬೇಕೆಂದು ಚಾಂಪಿಯನ್ನನೇ ತೀರ್ಮಾನಿಸುತ್ತಿದ್ದ ಕಾಲ ಒಂದಿತ್ತು. ಜಾನ್ ಎಲ್. ಸಲಿವನ್ ಕಪ್ಪುವರ್ಣೀಯರ ಜೊತೆ ರಿಂಗ್‌ಗೆ ಇಳಿಯುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿದ್ದ. ಪೀಟರ್ ಜಾಕ್ಸನ್‌ನಂಥ ಬಾಕ್ಸರ್ ವಿಶ್ವ ಪಟ್ಟದ ಪಂದ್ಯವನ್ನೇ ಕಾಣದೆ ಹೋದ. ಜಾಕ್ ಜಾನ್ಸನ್ ಸುಮ್ಮನೆ ಕೂರಲಿಲ್ಲ, ಚಾಂಪಿಯನ್ ಟಾಮಿ ಬರ್ನ್ಸ್‌ನ ಬೆನ್ನು ಹತ್ತಿ ಇಂಗ್ಲೆಂಡಿಗೆ ಹೋದ, ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹೋದ. ಸೋಲಲಿ, ಗೆಲ್ಲಲಿ, 30,000 ಡಾಲರ್ ತನ್ನದೇ ಎಂದು ಖಾತ್ರಿಯಾದ ಮೇಲಷ್ಟೇ ಬರ್ನ್ಸ್ ಒಪ್ಪಿದ್ದು. 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಅವನಿಗೆ ಬಿದ್ದ ಏಟುಗಳನ್ನು ನೋಡಿದರೆ ಅಷ್ಟು ದಿನ ಯಾಕೆ ತಪ್ಪಿಸಿಕೊಂಡನೆಂದು ಅರ್ಥವಾಗುತ್ತದೆ. ತಮಾಷೆಯೆಂದರೆ, ಹಾಗೆ ಬಾಗಿಲು ಮುರಿದು ಒಳಬಂದ ಜಾನ್ಸನ್ ಕೂಡ ಚಾಂಪಿಯನ್ ಆದಮೇಲೆ ತನ್ನಂತೆಯೇ ಕಪ್ಪುವರ್ಣೀಯನಾದ ಸ್ಯಾಮ್ ಲ್ಯಾಂಗ್‌ಫರ್ಡ್‌ಗೆ ಅವಕಾಶ ಕೊಡಲಿಲ್ಲ.

ಇನ್ನು ಹ್ಯಾರಿ ವಿಲ್ಸ್, ಅವನೂ ಕಪ್ಪುವರ್ಣೀಯ. 1920ರ ದಶಕದಲ್ಲಿ ಚಾಂಪಿಯನ್ ಜಾಕ್ ಡೆಂಪ್ಸಿಗೆ ತಕ್ಕ ಎದುರಾಳಿ ಯಾರೆಂದು ಕೇಳಿದರೆ ಮೊದಲು ಬರುತ್ತಿದ್ದ ಹೆಸರು ಅವನದೇ. ವಿಲ್ಸ್ ಜೊತೆಗೇ ಸೆಣಸಬೇಕು ಎಂದು ನ್ಯೂಯಾರ್ಕ್‌ನ ಕ್ರೀಡಾ ಆಯೋಗ ಪಟ್ಟು ಹಿಡಿಯಿತು. ಡೆಂಪ್ಸಿ ಫಿಲಡೆಲ್ಫಿಯಾಕ್ಕೆ ಹೋಗಿ 1926ರಲ್ಲಿ ಜೀನ್ ಟನಿ ಜೊತೆ ಸೆಣಸಿದ. ಊರು ಬದಲಾಯಿಸಿದರೆ ಸಾಕಿತ್ತು, ಕೇಳುವವರಿರಲಿಲ್ಲ. ವಿಲ್ಸ್‌ಗೆ ಪಟ್ಟದ ಪಂದ್ಯ ಕೊನೆಗೂ ದಕ್ಕಲಿಲ್ಲ.

ಈಗ ಹಾಗೆ ಓಡಿಹೋಗುವುದು ಅಷ್ಟು ಅಗ್ಗವಲ್ಲ. 1992ರ ಅಕ್ಟೋಬರ್‌ನಲ್ಲಿ ಲೆನಾಕ್ಸ್ ಲೂಯಿಸ್, ರೇಜರ್ ರಡಕ್‌ನನ್ನು ಎರಡೇ ಸುತ್ತಿನಲ್ಲಿ ಮುಗಿಸಿ ಡಬ್ಲ್ಯುಬಿಸಿ ಸಾಲಿನ ಮುಂದೆ ನಿಂತ. ಚಾಂಪಿಯನ್ ರಿಡಿಕ್ ಬೋ ಅವನನ್ನು ಎದುರಿಸುವ ಬದಲು ಲಂಡನ್ನಿನಲ್ಲಿ ಪತ್ರಕರ್ತರ ಮುಂದೆಯೇ ಬೆಲ್ಟನ್ನು ಕಸದ ಬುಟ್ಟಿಗೆ ಹಾಕಿದ. ಹಾಕಲಿ. ಬೆಲ್ಟ್ ಲೂಯಿಸ್‌ಗೆ ಹೋಯಿತು. ತಪ್ಪಿಸಿಕೊಂಡವನು ಯಾರೆಂದು ಊರಿಗೆಲ್ಲ ಗೊತ್ತಾಯಿತು. ವಿಲ್ಸ್‌ಗೆ ಇಷ್ಟೂ ಸಿಕ್ಕಿರಲಿಲ್ಲ.

ಹಣದ ವಿಷಯವನ್ನೂ ಹೇಳಬೇಕು. ಎರಡೂ ಕಡೆಯವರು ಒಪ್ಪಂದಕ್ಕೆ ಬಾರದಿದ್ದರೆ ಸಂಸ್ಥೆ ಪಂದ್ಯವನ್ನು ಹರಾಜಿಗೆ ಇಡುತ್ತದೆ, ಹೆಚ್ಚು ಕೂಗಿದ ಪ್ರೊಮೋಟರ್‌ಗೆ, ಅಂದರೆ ಪಂದ್ಯ ಏರ್ಪಡಿಸುವವನಿಗೆ, ಪಂದ್ಯ. ಡಿಲಿಯನ್ ವೈಟ್ ವರ್ಷಗಟ್ಟಲೆ ಸಾಲಿನಲ್ಲಿ ನಿಂತವನು, ಅವನನ್ನು ಕರೆಯುವ ಉತ್ಸಾಹ ಯಾರಿಗೂ ಇರಲಿಲ್ಲ. 2022ರಲ್ಲಿ ಟೈಸನ್ ಫ್ಯೂರಿ ಜೊತೆಗಿನ ಅವನ ಪಂದ್ಯ ಹರಾಜಿಗೆ ಬಂದಾಗ ಪ್ರೊಮೋಟರ್ ಫ್ರ್ಯಾಂಕ್ ವಾರನ್ 4.1 ಕೋಟಿ ಡಾಲರ್ ಕೂಗಿದ. ವೆಂಬ್ಲಿಯಲ್ಲಿ ವೈಟ್ ಆರನೇ ಸುತ್ತಿಗೆ ಸೋತ, ಸರಿ. ಆದರೆ ಸೋತೂ 70 ಲಕ್ಷ ಡಾಲರ್‌ಗಿಂತ ಹೆಚ್ಚು ಸಂಪಾದಿಸಿದ. ದೊಡ್ಡ ಪ್ರೊಮೋಟರ್‌ನ ಬೆಂಬಲವಿಲ್ಲದ, ನೋಡಲು ಮಜಾ ಇಲ್ಲದ, ಆದರೆ ಸೋಲಿಸಲು ಕಷ್ಟವಾದ ಬಾಕ್ಸರ್‌ನಿಗೆ ಬೇರೆ ದಾರಿ ಯಾವುದಿದೆ? ಚಾಂಪಿಯನ್‌ನ ದಯೆಯೇ?

ವಿರೋಧ: ಸಾಲು ಸರಿ, ಸಾಲು ನಿಲ್ಲಿಸುವವರು?

ವಿಲ್ಸ್‌ಗೆ ಆದ ಅನ್ಯಾಯವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅದರ ಮದ್ದೆಂದು ತಂದದ್ದು ಇನ್ನೊಂದು ಕಾಯಿಲೆಯಾಗಿದೆ. ಪಟ್ಟಿ ಬರೆಯುವವರು ಯಾರು? ಪಟ್ಟದ ಪಂದ್ಯದ ಸಂಭಾವನೆಯಲ್ಲಿ ಸುಮಾರು ಶೇ 3ರಷ್ಟನ್ನು ಶುಲ್ಕವಾಗಿ ಪಡೆಯುವ ಅದೇ ಸಂಸ್ಥೆಗಳು. ರ‍್ಯಾಂಕಿಂಗ್‌ಗಾಗಿ ಲಂಚ ಪಡೆದ ಆರೋಪದಲ್ಲಿ ಐಬಿಎಫ್ ಸ್ಥಾಪಕ ಬಾಬ್ ಲೀ ವಿಚಾರಣೆ ಎದುರಿಸಿದ. 2000ದಲ್ಲಿ ಬಹುಪಾಲು ಆರೋಪಗಳಿಂದ ಖುಲಾಸೆಯಾದರೂ ತೆರಿಗೆ ವಂಚನೆ, ಹಣದ ಅಕ್ರಮ ವರ್ಗಾವಣೆಗಳಲ್ಲಿ ತಪ್ಪಿತಸ್ಥನಾಗಿ ಜೈಲಿಗೆ ಹೋದ. ಡಬ್ಲ್ಯುಬಿಒ ಕಥೆ ಇನ್ನೂ ಸ್ವಾರಸ್ಯ. ಸೂಪರ್ ಮಿಡಲ್‌ವೇಟ್ ವಿಭಾಗದ ಡ್ಯಾರಿನ್ ಮಾರಿಸ್ 2000ದಲ್ಲಿ ತೀರಿಕೊಂಡ. ಮರುವರ್ಷ ಅದೇ ಸಂಸ್ಥೆಯ ಪಟ್ಟಿಯಲ್ಲಿ ಅವನಿಗೆ ಬಡ್ತಿ ಸಿಕ್ಕಿತು! ಹೆವಿವೇಟ್‌ಗೆ ಬಂದರೆ, ಫ್ರಾನ್ಸಿಸ್ ಎನ್‌ಗಾನು 2023ರಲ್ಲಿ ಫ್ಯೂರಿ ವಿರುದ್ಧ ತನ್ನ ಮೊದಲ ವೃತ್ತಿಪರ ಬಾಕ್ಸಿಂಗ್ ಪಂದ್ಯ ಆಡಿದ. ಫ್ಯೂರಿಯನ್ನು ಒಮ್ಮೆ ಕೆಡವಿದ್ದು ನಿಜ, ಆದರೆ ಸೋತ. ಒಂದೇ ಪಂದ್ಯ, ಅದೂ ಸೋಲು. ಡಬ್ಲ್ಯುಬಿಸಿ ಅವನನ್ನು 10ನೇ ಸ್ಥಾನದಲ್ಲಿ ಕೂರಿಸಿತು. ವರ್ಷಗಟ್ಟಲೆ ಸಣ್ಣ ಊರುಗಳ ಹಾಲ್‌ಗಳಲ್ಲಿ ಏಟು ತಿಂದು ಮೇಲೆ ಬಂದವರು ಅವನ ಕೆಳಗೆ.

ಕಡ್ಡಾಯ ಎಂಬುದು ಚಾಂಪಿಯನ್‌ಗಳನ್ನೇ ಹೇಗೆ ನುಂಗುತ್ತದೆ ನೋಡಿ. 2015ರ ನವೆಂಬರ್ 28ರಂದು ಡುಸೆಲ್‌ಡಾರ್ಫ್‌ನಲ್ಲಿ ಫ್ಯೂರಿ, ಚಾಂಪಿಯನ್ ವ್ಲಾಡಿಮಿರ್ ಕ್ಲಿಚ್ಕೊನನ್ನು ಸೋಲಿಸಿದ. ಒಪ್ಪಂದದಲ್ಲಿದ್ದ ಮರುಪಂದ್ಯಕ್ಕೆ ಅವನು ಬದ್ಧನಾಗಿದ್ದರೆ, ಐಬಿಎಫ್ ತನ್ನ ಮ್ಯಾಂಡೇಟರಿ ವ್ಯಾಚೆಸ್ಲಾವ್ ಗ್ಲಾಜ್ಕೊವ್ ಜೊತೆಗೇ ಮೊದಲು ಸೆಣಸು ಎಂದು ಹೇಳಿ, ಎರಡು ವಾರ ಕಳೆಯುವುದರೊಳಗೆ ಬೆಲ್ಟ್ ಕಿತ್ತುಕೊಂಡಿತು. ಖಾಲಿ ಬಿದ್ದ ಪಟ್ಟಕ್ಕೆ ಗ್ಲಾಜ್ಕೊವ್ ಮತ್ತು ಚಾರ್ಲ್ಸ್ ಮಾರ್ಟಿನ್ ಇಳಿದರು. ಮೂರನೇ ಸುತ್ತಿನಲ್ಲಿ ಗ್ಲಾಜ್ಕೊವ್‌ನ ಮೊಣಕಾಲು ಕೈಕೊಟ್ಟಿತು. ಮಾರ್ಟಿನ್ ವಿಶ್ವ ಚಾಂಪಿಯನ್! ಮೂರು ತಿಂಗಳೂ ತುಂಬುವ ಮೊದಲೇ ಆಂಥನಿ ಜೋಶುವಾ ಅವನನ್ನು ಎರಡು ಸುತ್ತಿನಲ್ಲಿ ಮಲಗಿಸಿದ. ಕ್ಲಿಚ್ಕೊನನ್ನು ಸೋಲಿಸಿದವನ ಬೆಲ್ಟ್ ಅವನು ಸೋಲದೆಯೇ ಹೀಗೆ ಕೈಯಿಂದ ಕೈಗೆ ಹೋಯಿತು.

ನಾಲ್ಕೂ ಬೆಲ್ಟ್ ಒಬ್ಬನಲ್ಲೇ ಇದ್ದರಂತೂ ಗೋಳು ಮುಗಿಯದು. ನಾಲ್ಕು ಸಂಸ್ಥೆಗಳ ನಾಲ್ಕು ಮ್ಯಾಂಡೇಟರಿಗಳು ಸರದಿಯಲ್ಲಿ ನಿಂತಿರುತ್ತಾರೆ. ಲೂಯಿಸ್ 1999ರಲ್ಲಿ, ಡಬ್ಲ್ಯುಬಿಒ ಬಿಟ್ಟು ಮಿಕ್ಕ ಮೂರೂ ಬೆಲ್ಟ್‌ಗಳೊಂದಿಗೆ, ಏಕೈಕ ಚಾಂಪಿಯನ್ ಆದಮೇಲೆ ಆ ಗೌರವ ಮತ್ತೊಬ್ಬನಿಗೆ ಸಿಗಲು 2024ರ ಮೇ 18ರವರೆಗೆ ಕಾಯಬೇಕಾಯಿತು. ಆ ರಾತ್ರಿ ರಿಯಾದ್‌ನಲ್ಲಿ ಒಲೆಕ್ಸಾಂಡರ್ ಉಸಿಕ್, ಫ್ಯೂರಿಯನ್ನು ಸೋಲಿಸಿದ. ಒಂದೂವರೆ ತಿಂಗಳೊಳಗೆ, ಫ್ಯೂರಿ ಜೊತೆಗಿನ ಮರುಪಂದ್ಯ ಕಾದಿದ್ದರಿಂದ, ಐಬಿಎಫ್ ಬೆಲ್ಟನ್ನು ಬಿಟ್ಟುಕೊಡಬೇಕಾಯಿತು. ಬೆಲ್ಟ್ ಹೋಗಿದ್ದು ಹಿಂದಿನ ವರ್ಷ ವ್ರಾಟ್ಸ್ಲಾಫ್‌ನಲ್ಲಿ ಉಸಿಕ್‌ನಿಂದಲೇ ನಾಕೌಟ್ ಆಗಿದ್ದ ಡೇನಿಯಲ್ ಡುಬ್ವಾಗೆ. ಡುಬ್ವಾ ಆಮೇಲೆ ಜೋಶುವಾನನ್ನು ಹೊಡೆದುರುಳಿಸಿ ತನ್ನ ಯೋಗ್ಯತೆ ತೋರಿಸಿದ, ಅದನ್ನು ಒಪ್ಪಲೇಬೇಕು. ಆದರೆ 2025ರ ಜುಲೈನಲ್ಲಿ ಉಸಿಕ್ ಅವನನ್ನು ಐದನೇ ಸುತ್ತಿನಲ್ಲಿ ಮತ್ತೆ ಕೆಡವಿದ. ಒಂದು ವರ್ಷ ಸುತ್ತಾಡಿ ಬೆಲ್ಟ್ ಹೊರಟಲ್ಲಿಗೇ ಬಂದು ಸೇರಿತು.

ಆಟದ ದೊಡ್ಡ ಗಳಿಗೆಗಳು ಈ ಪಟ್ಟಿಯಿಂದ ಬಂದವೇ? 1990ರಲ್ಲಿ ಟೋಕಿಯೊದಲ್ಲಿ ಮೈಕ್ ಟೈಸನ್‌ನನ್ನು ಕೆಡವಿದ ಬಸ್ಟರ್ ಡಗ್ಲಸ್ ಮ್ಯಾಂಡೇಟರಿ ಅಲ್ಲ. 2019ರಲ್ಲಿ ಜೋಶುವಾನನ್ನು ಸೋಲಿಸಿದ ಆ್ಯಂಡಿ ರೂಯಿಸ್, ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವನ ಜಾಗಕ್ಕೆ ಕಡೇ ಗಳಿಗೆಯಲ್ಲಿ ಬಂದವನು.

ಇನ್ನು ಬೋ ಬೆಲ್ಟ್ ಬಿಸಾಡಿದ್ದು. ಅದು ಅಂಜುಬುರುಕತನವೇ ಇರಲಿ, ಆದರೆ ಕಾಗದದಲ್ಲಿ ಕಡ್ಡಾಯ ಎಂದಿದ್ದೂ ಆ ಪಂದ್ಯ ನಡೆಯಲಿಲ್ಲ, ಆಮೇಲೂ ನಡೆಯಲಿಲ್ಲ. ಬೋ ಮತ್ತು ಲೂಯಿಸ್ ಎದುರಾಬದುರಾದದ್ದು ಅದಕ್ಕೂ ಮೊದಲು, 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ. ಅಲ್ಲಿ ಇಬ್ಬರನ್ನು ಯಾವ ಕಚೇರಿಯೂ ಜೋಡಿ ಕಟ್ಟಿರಲಿಲ್ಲ. ಪಂದ್ಯದಿಂದ ಪಂದ್ಯಕ್ಕೆ ಎದುರಾದವರನ್ನೆಲ್ಲ ಸೋಲಿಸಿ ಬಂದಿದ್ದರು, ಕೊನೆಗೆ ಉಳಿದವರು ಅವರಿಬ್ಬರೇ. ಎರಡನೇ ಸುತ್ತಿನಲ್ಲಿ ಲೂಯಿಸ್ ಗೆದ್ದ.