ಬಿ.ಪಿ. ನಾರ್ಮಲ್ ಬಂತೆಂದು ಮಾತ್ರೆ ಬಿಟ್ಟವರ ವಿಷಯ

ಮೊನ್ನೆ ಒಂದು ಉಪನಯನದ ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ನೆಂಟರೊಬ್ಬರು, ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಎರಡನೆಯ ಸಲ ಹಾಕಿಸಿಕೊಳ್ಳುತ್ತಾ, "ಬಿ.ಪಿ. ಈಗ ನಾರ್ಮಲ್ ಬಂದಿದೆ ಮಾರಾಯ, ಮಾತ್ರೆ ಬಿಟ್ಟೆ" ಎಂದು ದೊಡ್ಡ ವ್ರತವೊಂದನ್ನು ಸಾಂಗವಾಗಿ ಮುಗಿಸಿದವರ ಗತ್ತಿನಲ್ಲಿ ಹೇಳಿದರು. ಸುತ್ತಲಿದ್ದವರು ತಲೆದೂಗಿದರು. ಎದುರು ಸಾಲಿನವರೊಬ್ಬರು ತಾವೂ ಬಿಡಬೇಕೆಂದಿರುವುದಾಗಿ ಹೇಳಿದರು. ಶುಭಕಾರ್ಯದ ಮನೆಯಲ್ಲಿ ಜಗಳ ಬೇಡವೆಂದು ಸುಮ್ಮನಿದ್ದೆ. ಆದರೆ ಉಂಡ ಹೋಳಿಗೆ ಜೀರ್ಣವಾದರೂ ಆ ಮಾತು ಜೀರ್ಣವಾಗಿಲ್ಲ.

ನಾನು ವೈದ್ಯನಲ್ಲ, ಔಷಧಿ ಅಂಗಡಿಯ ಕೌಂಟರಿನ ಹಿಂದೆ ಆಯುಷ್ಯ ಕಳೆದವನು. ಆದರೆ ಯಾರು ಮಾತ್ರೆ ನಿಲ್ಲಿಸಿದ್ದಾರೆ ಎಂಬುದು ವೈದ್ಯರಿಗಿಂತ ಮೊದಲು ತಿಳಿಯುತ್ತಿದ್ದದ್ದು ನನಗೆ. ತಿಂಗಳ ಮಾತ್ರೆ ಒಯ್ಯುತ್ತಿದ್ದವರು ಮೊದಲು ಒಂದು ಪಟ್ಟಿಗೆ ಇಳಿಯುತ್ತಿದ್ದರು, ಆಮೇಲೆ ಅರ್ಧ ಪಟ್ಟಿ ಕತ್ತರಿಸಿ ಕೊಡಲು ಹೇಳುತ್ತಿದ್ದರು, ಕೊನೆಗೆ ಅಂಗಡಿಯ ಎದುರಿನ ರಸ್ತೆಯ ಆಚೆ ಬದಿಯಲ್ಲಿ ನಡೆಯತೊಡಗುತ್ತಿದ್ದರು.

ಒತ್ತಡ 160/100 ಇದ್ದವರಿಗೆ ದಿನಾ ಆಮ್ಲೋಡಿಪಿನ್ ಎಂಬ ಬಿ.ಪಿ. ಮಾತ್ರೆ ಒಂದು ನುಂಗಿ 124/80 ಬಂದರೆ, ಆ 124 ಮಾತ್ರೆಯ ಕೆಲಸವೇ ಹೊರತು ಮಾತ್ರೆ ಬೇಡವೆಂಬುದಕ್ಕೆ ಸಾಕ್ಷಿಯಲ್ಲ. ಆಮ್ಲೋಡಿಪಿನ್ ರಕ್ತನಾಳದ ಗೋಡೆಯ ಸ್ನಾಯುವನ್ನು ಸಡಿಲಗೊಳಿಸುತ್ತದೆ, ರಕ್ತದಲ್ಲಿ ಇರುವಷ್ಟು ಕಾಲ ಮಾತ್ರ. ಅದರ ಅರ್ಧಭಾಗ ದೇಹದಿಂದ ಹೊರಹೋಗಲು ಸುಮಾರು 30ರಿಂದ 50 ಗಂಟೆ ಬೇಕು. ಆದ್ದರಿಂದ ನಿಲ್ಲಿಸಿದ ಮರುದಿನವೋ ಮೂರನೆಯ ದಿನವೋ ಅಳೆಸಿದವರಿಗೆ ಒತ್ತಡ ಇನ್ನೂ ಚೆನ್ನಾಗಿಯೇ ಕಾಣುತ್ತದೆ, ಅವರು ತಮ್ಮ ಬುದ್ಧಿವಂತಿಕೆಯನ್ನು ತಾವೇ ಮೆಚ್ಚಿಕೊಂಡು ಮತ್ತೆ ಅಳೆಸುವ ಗೋಜಿಗೆ ಹೋಗುವುದಿಲ್ಲ. ಅಟೆನೊಲಾಲ್, ಕ್ಲೋನಿಡಿನ್‌ನಂಥ ಬೇರೆ ಬಿ.ಪಿ. ಮಾತ್ರೆಗಳ ಕಥೆ ಇನ್ನೂ ಕೆಟ್ಟದ್ದು. ಅವನ್ನು ಒಮ್ಮೆಲೇ ನಿಲ್ಲಿಸಿದರೆ ಒತ್ತಡ ಪುಟಿದೇಳಬಹುದು.

ನಮ್ಮ ನೆಂಟರು ಅಡಿಕೆ ಬೆಳೆಗಾರರು. ಮಳೆಗಾಲದ ಮೊದಲು ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಿ, ಕೊಳೆ ಬಾರದಿದ್ದರೂ ಎರಡನೆಯ ಸಲ ತಪ್ಪದೆ ಹೊಡೆಸುತ್ತಾರೆ. ಕೊಳೆ ಬರಲಿಲ್ಲವಲ್ಲ, ಇನ್ನೇಕೆ ಖರ್ಚು ಎಂದು ಅವರು ಒಂದು ವರ್ಷವೂ ಕೇಳಿದ್ದಿಲ್ಲ. ತೋಟಕ್ಕಿರುವ ಈ ವಿವೇಕ ಸ್ವಂತ ಮೈಗೆ ಏಕಿಲ್ಲವೋ ತಿಳಿಯದು.

"ನನಗೇನೂ ಆಗುತ್ತಿಲ್ಲವಲ್ಲ" ಎಂಬುದು ಅವರ ಇನ್ನೊಂದು ಮಾತು. ಈ ಕಾಯಿಲೆಯಲ್ಲಿ ಬಹುತೇಕರಿಗೆ ಏನೂ ಆಗುವುದಿಲ್ಲ. ತಲೆನೋವು, ತಲೆಸುತ್ತು ಬಂದರೆ ಮಾತ್ರ ಬಿ.ಪಿ. ಎಂದು ನಂಬಿದವರಿಗೆ, ಅದು ಸದ್ದಿಲ್ಲದೆ ಮೂತ್ರಪಿಂಡವನ್ನೂ ಕಣ್ಣಿನ ಅಕ್ಷಿಪಟಲವನ್ನೂ ಹೃದಯವನ್ನೂ ಹಾಳು ಮಾಡುತ್ತಿರುವುದು ಗೊತ್ತಾಗುವುದೇ ಇಲ್ಲ. ನನ್ನ ಭಾವನವರ ವಿಷಯ ಇಲ್ಲಿ ಎತ್ತಬಾರದೆಂದುಕೊಂಡಿದ್ದೆ. ಅವರಿಗೂ ಏನೂ ಆಗುತ್ತಿರಲಿಲ್ಲ, ಲಕ್ವ ಹೊಡೆದು ಬಲಗೈ ಬೀಳುವ ದಿನದವರೆಗೆ. ಮಾತ್ರೆ ಬಿಟ್ಟ ಸಂಗತಿಯನ್ನು ಅಕ್ಕನಿಗೂ ಹೇಳಿರಲಿಲ್ಲ. ನನ್ನ ಸಿಟ್ಟಿನ ಮೂಲ ಅಲ್ಲಿದೆ, ಒಪ್ಪುತ್ತೇನೆ.

ಇದೆಲ್ಲ ಔಷಧ ಕಂಪನಿಗಳ ವ್ಯಾಪಾರ, ಒಮ್ಮೆ ಶುರುಮಾಡಿದರೆ ಸಾಯುವವರೆಗೆ ಬಿಡುವುದಿಲ್ಲ ಎನ್ನುವವರಿದ್ದಾರೆ. ಕಂಪನಿಗಳನ್ನು ಸಮೀಪದಿಂದ ಕಂಡವನಾದ್ದರಿಂದ ಅವರ ಪರ ವಕಾಲತ್ತು ವಹಿಸಲಾರೆ. ಆದರೆ ಜನೌಷಧಿ ಕೇಂದ್ರದಲ್ಲಿ ಆಮ್ಲೋಡಿಪಿನ್‌ನ ಹತ್ತು ಮಾತ್ರೆ ಹೋಟೆಲಿನ ಒಂದು ಕಾಫಿಗಿಂತ ಅಗ್ಗ, ಸರ್ಕಾರಿ ಆಸ್ಪತ್ರೆಯಲ್ಲಿ ಬಿ.ಪಿ. ಮಾತ್ರೆ ಉಚಿತ. ಈ ವ್ಯಾಪಾರಕ್ಕಿಂತ ಡಯಾಲಿಸಿಸ್‌ನ ವ್ಯಾಪಾರ ಎಷ್ಟೋ ದೊಡ್ಡದು. ಮಾತ್ರೆಯೇ ಇಲ್ಲದ ಕಾಲವೊಂದಿತ್ತು: ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಅವರ ಬಿ.ಪಿ.ಯ ಮೇಲಿನ ಅಂಕಿ 300ನ್ನು ಮುಟ್ಟಿತ್ತು, ಪಕ್ಕದಲ್ಲಿದ್ದ ವೈದ್ಯರ ಕೈಯಲ್ಲಿ ಅದನ್ನು ಇಳಿಸುವ ಒಳ್ಳೆಯ ಔಷಧಿಯೇ ಇರಲಿಲ್ಲ. ಅದಾಗಿ ನಾಲ್ಕು ವರ್ಷಕ್ಕೆ, 1949ರಲ್ಲಿ, ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ನಮ್ಮ ಸರ್ಪಗಂಧವೆಂಬ ಗಿಡಮೂಲಿಕೆಯಿಂದ ಒತ್ತಡ ಇಳಿಯುವುದನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಇಂಗ್ಲಿಷ್ ಮದ್ದು ಎಂದು ಮೂಗು ಮುರಿಯುವವರು ಇದನ್ನೂ ತಿಳಿದಿರಲಿ.

ತೂಕ ಇಳಿಸಿ, ದಿನಾ ನಡೆದು, ಮದ್ಯ ಬಿಟ್ಟು ಮಾತ್ರೆ ಕಡಿಮೆ ಮಾಡಿಸಿಕೊಂಡವರು ಇಲ್ಲವೇ ಎಂದರೆ, ಇದ್ದಾರೆ. ಅವರು ವೈದ್ಯರನ್ನು ಕೇಳಿ, ಹಂತಹಂತವಾಗಿ, ವಾರವಾರ ಅಳೆಸುತ್ತಾ ಕಡಿಮೆ ಮಾಡಿಸಿಕೊಂಡವರು. ಪಂಕ್ತಿಯಲ್ಲಿ ಕುಳಿತು ಎರಡನೆಯ ಸಲ ಉಪ್ಪಿನಕಾಯಿ ಹಾಕಿಸಿಕೊಂಡವರಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಎಲ್ಲವೂ ಸೇರಿ ಒಂದು ಸಣ್ಣ ಚಮಚ. ಹಪ್ಪಳ, ಬಾಳಕದ ಮೆಣಸು, ಚಟ್ನಿಪುಡಿಯ ಲೆಕ್ಕವನ್ನು ನೀವೇ ಹಾಕಿಕೊಳ್ಳಿ. ಸೈಂಧವ ಲವಣ ತಿಂದರೆ ತೊಂದರೆಯಿಲ್ಲ ಎನ್ನುವವರಿಗೆ, ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ.

ಅಳೆಸುವುದಾದರೂ ಸರಿಯಾಗಿ ಅಳೆಸುತ್ತಾರೆಯೇ? ಮೆಟ್ಟಿಲು ಹತ್ತಿ ಬಂದು, ಕಾಫಿ ಕುಡಿದು, ಅಂಗಿಯ ತೋಳಿನ ಮೇಲೆಯೇ ಪಟ್ಟಿ ಕಟ್ಟಿಸಿ, ಇಡೀ ಹೊತ್ತು ಮಾತನಾಡುತ್ತಾ ಅಳೆಸಿದ ಅಂಕಿಗೆ ಅರ್ಥವಿಲ್ಲ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಬಾಯಿ ಮುಚ್ಚಿ ಕೂರುವುದು ನಮ್ಮ ಜನಕ್ಕೆ ಬಹಳ ಕಷ್ಟ, ಬಾಯಿಯ ಭಾಗವಂತೂ. ಮಂಡಿನೋವಿಗೆ ತಾವಾಗಿಯೇ ಕೊಂಡು ನುಂಗುವ ಡೈಕ್ಲೋಫಿನಾಕ್ ಒತ್ತಡವನ್ನು ಏರಿಸುತ್ತದೆ ಎಂಬುದನ್ನೂ ಯಾರೂ ವೈದ್ಯರಿಗೆ ಹೇಳುವುದಿಲ್ಲ.

ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ, ಎನಲಾಪ್ರಿಲ್‌ನಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಸುಳ್ಳಲ್ಲ. ಅದಕ್ಕೆ ಬೇರೆ ಮಾತ್ರೆಗಳಿವೆ; ವೈದ್ಯರಿಗೆ ಹೇಳಿದರೆ ಬದಲಿಸಿಕೊಡುತ್ತಾರೆ, ಹೇಳದೆ ಬಿಟ್ಟರೆ ಅವರಿಗೆ ಕನಸು ಬೀಳುವುದಿಲ್ಲ. ಇಷ್ಟು ಓದಿಯೂ ನುಗ್ಗೆಸೊಪ್ಪಿನ ಕಷಾಯದ ವಿಧಾನವನ್ನು ನನಗೆ ಕಳುಹಿಸಲು ಹೊರಟಿರುವವರಿಗೆ ಒಂದು ಮಾತು: ಕಷಾಯ ಕುಡಿಯಿರಿ, ನನ್ನ ಅಭ್ಯಂತರವೇನೂ ಇಲ್ಲ, ಆದರೆ ಬೆಳಗಿನ ಮಾತ್ರೆ ನುಂಗಿದ ಮೇಲೆ ಕುಡಿಯಿರಿ.